ಬಚ್ಚಲು ಅಂದ್ರೆ ಮೊದ್ಲು ನೀರು ಹೋಗೋ ದಾರಿ

ಮನೆ ರಿಪೇರಿಗೆ ಕೈ ಹಾಕಿರೋ ಒಂದಷ್ಟು ಜನ ಸೇರಿದ್ದ ಕಡೆ ಬಾತ್‌ರೂಮಿನ ಪ್ಲಂಬಿಂಗ್ ಬಗ್ಗೆ ಮಾತಾಡಿದ್ದೆ. ಆಮೇಲೆ ಸುಮಾರು ಜನ ಅದನ್ನ ಬರೆದು ಕೊಡಿ ಅಂದ್ರು. ಹೆಚ್ಚುಕಮ್ಮಿ ಆಡಿದ ಹಾಗೇ ಬರೆದಿದೀನಿ, ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ಒಳಗೆ ಬರೋ ಮುಂಚೆ ಹೊರಗೆ ನಿಂತು ನಿಮ್ಮಲ್ಲಿ ಕೆಲವ್ರ ಹತ್ರ ಮಾತಾಡ್ತಿದ್ದೆ. ಒಬ್ರು ಟೈಲ್ಸ್ ಆರಿಸಿ ಆಯ್ತು ಅಂದ್ರು, ಇನ್ನೊಬ್ರು ಫೋನಲ್ಲಿ ಶವರ್ ಫೋಟೋ ತೋರಿಸಿದ್ರು, ಚೆನ್ನಾಗಿತ್ತು. ಈಗಿರೋ ಕಮೋಡಿನ ಪೈಪು ನೆಲದೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ದಕ್ಕೆ ಮಾತ್ರ ಇಬ್ರೂ ಗೊತ್ತಿಲ್ಲ ಅಂದ್ರು. ಕಣ್ಣಿಗೆ ಕಾಣದೇ ಇರೋದು ತಲೇಲಿ ಇರಲ್ಲ, ಸಹಜ. ಆದ್ರೆ ನಮ್ಮ ಭಾಷೆ ಅದನ್ನ ಮರೆತಿಲ್ಲ ನೋಡಿ. ಬಚ್ಚಲು ಅನ್ನೋ ಮಾತಿಗೆ ಸ್ನಾನ ಮಾಡೋ ಜಾಗ ಅನ್ನೋ ಅರ್ಥ ಇರೋ ಹಾಗೇ ಕೊಳೆ ನೀರು ಹರಿದು ಹೋಗೋ ಮೋರಿ ಅನ್ನೋ ಅರ್ಥಾನೂ ಇದೆ. ನೀರು ಆಚೆ ಹೋಗೋ ಜಾಗ ಎಲ್ಲಿದೆಯೋ ಅಲ್ಲೇ ಬಚ್ಚಲುಮನೆ. ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದೂ ಅದನ್ನೇ. ಪ್ಲಾನು ಮೋರಿಯಿಂದ ಶುರುವಾಗ್ಬೇಕು, ಅಲ್ಲಿಂದ ಕಮೋಡು, ಆಮೇಲೆ ನೆಲದ ಟ್ರ್ಯಾಪು, ಆಮೇಲೆ ನಲ್ಲಿ ಶವರು, ಟೈಲ್ ಕಟ್ಟಕಡೇಗೆ.

ಯಾಕೆ ಅಂದ್ರೆ, ಒಳಗೆ ಬರೋ ನೀರಿಗೆ ಹಿಂದಿಂದ ಒತ್ತೋದಕ್ಕೆ ಟ್ಯಾಂಕಿದೆ, ಪಂಪಿದೆ. ಅದನ್ನ ಗೋಡೆ ಮೇಲೆ ಹತ್ತಿಸ್ಬಹುದು, ಬಾಗಿಲು ಸುತ್ತಿಸ್ಬಹುದು, ಸೀಲಿಂಗಲ್ಲಿ ಓಡಿಸ್ಬಹುದು, ಹೋಗುತ್ತೆ. ಹೊರಗೆ ಹೋಗೋ ನೀರಿಗೆ ಒತ್ತೋರು ಯಾರೂ ಇಲ್ಲ. ಅದಕ್ಕಿರೋದು ವಾಟ ಒಂದೇ. ಗಾರೆ ಕೆಲಸದೋರು ವಾಟ ವಾಟ ಅಂತಾರಲ್ಲ, ಆ ಇಳಿಜಾರು. ಸಣ್ಣ ಪೈಪುಗಳಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 2 ಸೆಂಟಿಮೀಟರ್ ಇಳೀಬೇಕು, ಅಡಿ ಲೆಕ್ಕದಲ್ಲಿ ಹೇಳೋದಾದ್ರೆ ಒಂದು ಅಡಿಗೆ ಕಾಲು ಇಂಚು. ಕಮೋಡಿನ 4 ಇಂಚಿನ ಪೈಪಿಗೆ ಅದರ ಅರ್ಧ ಸಾಕು ಅಂತ ನಿಯಮಗಳಲ್ಲಿ ಇರುತ್ತೆ, ಆದ್ರೆ ಜಾಗ ಇದ್ರೆ ಅದಕ್ಕೂ 2 ಸೆಂಟಿಮೀಟರೇ ಕೊಡ್ಸಿ ಅಂತೀನಿ ನಾನು, ಕೆಲಸ ಮಾಡುವಾಗ ಕೈ ಸ್ವಲ್ಪ ಆಚೀಚೆ ಆದ್ರೂ ಉಳ್ಕೊಳುತ್ತೆ.

ಈಗ ಇದನ್ನ ನಿಮ್ಮ ಆಸೆಗೆ ಹಚ್ಚಿ ನೋಡಿ. ಕಮೋಡನ್ನ ಈ ಗೋಡೆಯಿಂದ ಆ ಗೋಡೆಗೆ ಹಾಕ್ಬೇಕು, ಎರಡು ಮೀಟರ್ ದೂರ. ವಾಟಕ್ಕೆ 4 ಸೆಂಟಿಮೀಟರ್, ಪೈಪೇ 11 ಸೆಂಟಿಮೀಟರ್ ದಪ್ಪ, ಅದರ ಕೆಳಗೆ ಒಂದಿಷ್ಟು ಗಾರೆ ಮೇಲೊಂದಿಷ್ಟು ಗಾರೆ, ಅದರ ಮೇಲೆ ವಾಟರ್‌ಪ್ರೂಫಿಂಗು, ಟೈಲು. ಲೆಕ್ಕ ಹಾಕ್ತಾ ಹೋದ್ರೆ 20 ಸೆಂಟಿಮೀಟರ್ ದಾಟುತ್ತೆ. ನಿಮ್ಮ ಬಾತ್‌ರೂಮಿನ ನೆಲದೊಳಗೆ ಅಷ್ಟು ಆಳ ಇದೆಯಾ? ಇದ್ರೆ ಸರಿ. ಇಲ್ಲದಿದ್ರೆ ನೆಲಾನೇ ಎತ್ತರಿಸ್ಬೇಕು, ಬಾಗಿಲಲ್ಲಿ ಒಂದು ಮೆಟ್ಟಿಲು ಬರುತ್ತೆ, ಮನೇಲಿ ವಯಸ್ಸಾದೋರು ಇದ್ರೆ ಅವರು ದಿನಾ ಎಡವೋ ಮೆಟ್ಟಿಲು. ಅಥವಾ ಪೈಪು ಕೆಳಗಿನ ಮನೆಯ ಸೀಲಿಂಗಲ್ಲಿ ನೇತಾಡ್ಬೇಕು, ಅದಕ್ಕೆ ಕೆಳಗಿನವರು ಒಪ್ಬೇಕು. ಈ ಮೂರೂ ಆಗಲ್ಲ ಅಂದ್ರೆ ಕಮೋಡ್ ಇದ್ದಲ್ಲೇ ಇರ್ಲಿ, ಬೇಸಿನ್ನು ಶವರು ಅದಕ್ಕೆ ಹೊಂದ್ಕೊಂಡು ಜಾಗ ಬದಲಾಯಿಸ್ಲಿ. ಇದನ್ನ ಕಾಗದದ ಮೇಲೆ ಒಪ್ಕೊಳೋದು ಸುಲಭ, ನೆಲ ಒಡೆದ ಮೇಲೆ ಒಪ್ಕೊಳೋದು ಬಹಳ ಕಷ್ಟ.

ನಮ್ಮ ಮನೇದೇ ಹೇಳ್ತೀನಿ. ನಾವೂ ಕಮೋಡನ್ನ ಕಿಟಕಿ ಕೆಳಕ್ಕೆ ಹಾಕಿಸಿದ್ವಿ, ನೋಡೋಕೆ ಬಹಳ ಚೆನ್ನಾಗಿ ಬಂತು. ಕೆಲವು ತಿಂಗಳು ಏನೂ ತೊಂದ್ರೆ ಇರ್ಲಿಲ್ಲ. ಆಮೇಲೆ ಫ್ಲಶ್ ಮಾಡಿದ್ರೆ ನೀರು ಒಂದ್ಸಲ ಮೇಲಕ್ಕೆ ಬಂದು ನಿಧಾನಕ್ಕೆ ಇಳಿಯೋದು ಶುರುವಾಯ್ತು, ಆಮೇಲೆ ವಾರಕ್ಕೊಮ್ಮೆ ಕಟ್ಕೊಳೋದು. ಕೊನೆಗೆ ಟೈಲ್ ತೆಗೆಸಿದ್ವಿ. ಪೈಪಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಬಗ್ಗಿ ನೋಡ್ತೀನಿ, ಗುಳ್ಳೆ ಕಮೋಡಿನ ಕಡೆ ಇರ್ಬೇಕಿತ್ತು, ಯಾಕಂದ್ರೆ ಗುಳ್ಳೆ ಯಾವಾಗ್ಲೂ ಎತ್ತರದ ಕಡೆ ಹೋಗುತ್ತೆ, ಅದು ಬಂದು ಹೊರಗೋಡೆ ಕಡೆ ನಿಂತಿತ್ತು. ಅಂದ್ರೆ ಲೆವೆಲ್ ಇಟ್ಟಿದ್ದ ಒಂದೂವರೆ ಅಡಿ ಜಾಗದಲ್ಲಿ ಪೈಪು ವಾಪಸ್ ಕಮೋಡಿನ ಕಡೆಗೇ ಇಳಿದಿತ್ತು. ಒಡೆದ ಇಟ್ಟಿಗೆ ಚೂರು, ಸಡಿಲ ಮಣ್ಣು ಇವುಗಳ ಮೇಲೆ ಪೈಪು ಮಲಗಿಸಿ ಮುಚ್ಚಿದ್ರು, ಹಾಕಿದ ದಿನ ವಾಟ ಸರಿಯಾಗೇ ಇದ್ದಿರ್ಬೇಕು, ಮೇಲೆ ಭಾರ ಬಿದ್ದ ಹಾಗೆ ಮಧ್ಯದಲ್ಲಿ ಕುಸಿದು ಹೊಟ್ಟೆ ಬಿಟ್ಟಿದೆ. ಆ ಹೊಟ್ಟೇಲಿ ನೀರು ನಿಂತು, ನಿಂತ ನೀರಲ್ಲಿ ಉಳಿದದ್ದೆಲ್ಲ ಸೇರಿ ಗಟ್ಟಿಯಾಗಿತ್ತು. ಆವತ್ತಿಂದ ನಾನು ಎಲ್ಲಿ ಕೆಲಸ ನಡೀತಿದ್ರೂ ಮೊದಲು ನೋಡೋದು ಪೈಪಿನ ಕೆಳಗೆ ಏನಿದೆ ಅಂತ. ಉದ್ದಕ್ಕೂ ಗಟ್ಟಿ ಹಾಸು ಇರ್ಬೇಕು, ಇಲ್ಲ ಕ್ಲಾಂಪ್ ಇರ್ಬೇಕು, ಎರಡು ಕಡೆ ಇಟ್ಟಿಗೆ ಇಟ್ಟು ಮಧ್ಯ ಖಾಲಿ ಬಿಡೋದು ಬೇಡವೇ ಬೇಡ. ತಿರುವು ಬಂದ್ರೆ ಒಂದೇ ಸಲ 90 ಡಿಗ್ರಿ ಎಲ್ಬೋ ಹಾಕೋ ಬದ್ಲು ಎರಡು 45 ಹಾಕ್ಸಿ, ನೀರು ಗೋಡೆಗೆ ಡಿಕ್ಕಿ ಹೊಡೆಯೋ ಹಾಗೆ ತಿರುಗಲ್ಲ, ಜಾರ್ಕೊಂಡು ತಿರುಗುತ್ತೆ. ತಿರುವಿನ ಹತ್ರ ಬಿಚ್ಚೋಕೆ ಬರೋ ಒಂದು ಮುಚ್ಚಳದ ಬಾಯಿ ಇರ್ಲಿ, ಮುಂದೆ ಕಟ್ಕೊಂಡ್ರೆ ಟೈಲ್ ಒಡೀಬೇಕಾಗಲ್ಲ.

ಇನ್ನು ವಾಸನೆ ವಿಚಾರ. ಟ್ರ್ಯಾಪ್ ಅಂತೀವಲ್ಲ, ಬೇಸಿನ್ ಕೆಳಗೆ ಬಾಗಿರೋ ಪೈಪು, ನೆಲದಲ್ಲಿರೋ ನಾನಿ ಟ್ರ್ಯಾಪು, ಕಮೋಡಿನ ಹೊಟ್ಟೇಲಿರೋ ಬಾಗು, ಇವೆಲ್ಲ ಮಾಡೋದು ಒಂದೇ ಕೆಲಸ, ಒಂದಿಷ್ಟು ನೀರನ್ನ ಹಿಡಿದಿಟ್ಕೊಂಡು ಮೋರಿಯ ಗಾಳಿಗೆ ಬಾಗಿಲು ಹಾಕೋದು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಅನ್ನೋ ಗಡಿಯಾರ ಮಾಡೋನು ಈ ಬಾಗಿದ ಪೈಪಿನ ಫ್ಲಶ್ ಕಮೋಡಿಗೆ ಪೇಟೆಂಟ್ ತಗೊಂಡ, ಅಲ್ಲಿಂದ ಇಲ್ಲೀವರೆಗೂ ಇದಕ್ಕಿಂತ ಸರಳವಾದ ಉಪಾಯ ಬಂದಿಲ್ಲ. ಟ್ರ್ಯಾಪಲ್ಲಿ ನಿಲ್ಲೋ ನೀರಿನ ಆಳ 50 ಮಿಲಿಮೀಟರ್ ಆದ್ರೂ ಇರ್ಬೇಕು. ಎತ್ತರ ಸಾಲ್ಲಿಲ್ಲ ಅಂತ ಕಡಿಮೆ ಆಳದ ಟ್ರ್ಯಾಪ್ ಹಾಕಿದ್ರೆ ಬೇಗ ಒಣಗುತ್ತೆ, ಅತಿಥಿಗಳ ಬಾತ್‌ರೂಮು ಬಾಗಿಲು ತೆಗೆದ ತಕ್ಷಣ ವಾಸನೆ ಹೊಡೆಯೋದು ಅದಕ್ಕೇ, ಅಲ್ಲಿ ಆಗಾಗ ಒಂದು ಚೊಂಬು ನೀರು ಹಾಕಿದ್ರೆ ಸಾಕು.

ಒಣಗದೇನೇ ಟ್ರ್ಯಾಪು ಖಾಲಿಯಾಗೋದೂ ಇದೆ. ಫ್ಲಶ್ ಮಾಡಿದಾಗ ನೀರಿನ ಗುಂಪು ಪೈಪಲ್ಲಿ ಇಳೀತಾ ಹಿಂದಿನ ಗಾಳೀನ ಎಳ್ಕೊಂಡು ಹೋಗುತ್ತೆ. ಆ ಗಾಳಿ ಬೇರೆ ಎಲ್ಲಿಂದಾದ್ರೂ ಬರ್ಲೇಬೇಕು, ದಾರಿ ಇಲ್ಲ ಅಂದ್ರೆ ಪಕ್ಕದ ಬೇಸಿನ್ನಿನ ಟ್ರ್ಯಾಪ್ ನೀರನ್ನ ಹೀರ್ಕೊಂಡು ಆ ತೂತಿಂದ ಬರುತ್ತೆ. ಗುಳುಗುಳು ಅಂತ ಸದ್ದು ಕೇಳಿದೀರಲ್ಲ, ಅದೇ ಅದು. ಇದಕ್ಕೆ ಔಷಧಿ ವೆಂಟ್ ಪೈಪು, ಕೊಳೆ ನೀರಿನ ಪೈಪಿಂದ ಮೇಲಕ್ಕೆ ಹೋಗಿ ಚಾವಣಿ ಆಚೆ ಬಾಯಿ ತೆರೆಯೋದು. ರಿಮಾಡೆಲ್ ಮಾಡುವಾಗ ಎಷ್ಟೋ ಕಡೆ ಇದೇನೋ ಕೆಲಸಕ್ಕೆ ಬಾರದ ಪೈಪು ಅಂತ ಕತ್ತರಿಸಿ ಮುಚ್ಚಿಬಿಡ್ತಾರೆ. ದಯವಿಟ್ಟು ಬೇಡ. ಒಡೆಯೋ ಮುಂಚೆ ಈಗಿರೋ ಬಾತ್‌ರೂಮಲ್ಲೇ ಒಂದು ಪರೀಕ್ಷೆ ಮಾಡಿ, ಒಬ್ರು ಫ್ಲಶ್ ಮಾಡ್ಲಿ, ಇನ್ನೊಬ್ರು ಬೇಸಿನ್ನಿಗೂ ನೆಲದ ಜಾಲರಿಗೂ ಕಿವಿ ಕೊಡ್ಲಿ. ಸದ್ದು ಬಂದ್ರೆ ಗಾಳಿಯ ಸಮಸ್ಯೆ ಆಗ್ಲೇ ಇದೆ ಅಂತ, ಹೊಸ ಪ್ಲಾನಲ್ಲಿ ಅದಕ್ಕೆ ಜಾಗ ಇಡಿ.

ಹೊರಗೆ ಹೋಗೋದಾಯ್ತು, ಈಗ ಒಳಗೆ ಬರೋದು. ಇಲ್ಲಿ ಮೊದಲು ತಿಳ್ಕೊಬೇಕಾದ್ದು ಒತ್ತಡ. ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ 10 ಮೀಟರ್ ಮೇಲಿದ್ರೆ ಹೆಚ್ಚುಕಮ್ಮಿ 1 ಬಾರ್ ಒತ್ತಡ. ಮೇಲಿನ ಅಂತಸ್ತಲ್ಲಿ ಟ್ಯಾಂಕು ಶವರಿಗಿಂತ ಬರೀ 3 ಮೀಟರ್ ಮೇಲಿರುತ್ತೆ, ಅಂದ್ರೆ 0.3 ಬಾರ್, ಅದರಲ್ಲೂ ಒಂದಿಷ್ಟು ಪೈಪಿನ ಉಜ್ಜಾಟದಲ್ಲಿ ಎಲ್ಬೋಗಳಲ್ಲಿ ಕಳೆದುಹೋಗುತ್ತೆ. ತಟ್ಟೆಯಷ್ಟು ಅಗಲದ ರೇನ್ ಶವರ್ ಕೊಳ್ಳೋ ಮುಂಚೆ ಅದರ ಡಬ್ಬಿ ಮೇಲೆ, ಇಲ್ಲ ಒಳಗಿನ ಕಾಗದದಲ್ಲಿ ಕನಿಷ್ಠ ಒತ್ತಡ ಎಷ್ಟು ಅಂತ ಬರೆದಿರ್ತಾರೆ, ಅದನ್ನ ಓದಿ. ಅದು 1 ಬಾರ್ ಕೇಳಿದ್ರೆ, ನಿಮ್ಮಲ್ಲಿ 0.3 ಇದ್ರೆ, ಅಂಚಲ್ಲಿ ನಾಲ್ಕು ಹನಿ ತೊಟ್ಟಿಕ್ಕುತ್ತೆ ಅಷ್ಟೇ. ಆಗ ಪಂಪ್ ಬೇಕಾಗುತ್ತೆ, ಅದಕ್ಕೆ ಜಾಗ, ಕರೆಂಟು, ಸದ್ದು ಎಲ್ಲ ಮೊದಲೇ ಯೋಚಿಸ್ಬೇಕು, ಇಲ್ಲದಿದ್ರೆ ಕಡಿಮೆ ಒತ್ತಡಕ್ಕೆ ಅಂತಲೇ ಮಾಡಿರೋ ಶವರ್ ತಗೊಳ್ಳಿ. ಒತ್ತಡ ಜಾಸ್ತಿಯಾದ್ರೂ ಕಷ್ಟಾನೇ, 5 ಬಾರ್ ದಾಟಿದ್ರೆ ಒತ್ತಡ ಇಳಿಸೋ ವಾಲ್ವ್ ಹಾಕ್ಸಿ.

ನಲ್ಲಿ ಫಕ್ಕನೆ ಮುಚ್ಚಿದಾಗ ಗೋಡೆ ಒಳಗಿಂದ ಧಡ್ ಅಂತ ಸದ್ದು ಬರೋ ಮನೆಗಳಿವೆ. ಹರಿಯೋ ನೀರು ಒಮ್ಮೆಗೇ ನಿಂತಾಗ ಅದರ ಓಟವೆಲ್ಲ ಪೆಟ್ಟಾಗಿ ಪೈಪಿಗೆ ಬಡಿಯುತ್ತೆ. 1898ರಲ್ಲಿ ರಷ್ಯಾದ ನಿಕೊಲಾಯ್ ಜುಕೋವ್‌ಸ್ಕಿ ಮಾಸ್ಕೋ ನಗರದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ ಈ ಪೆಟ್ಟಿನ ಲೆಕ್ಕ ಪ್ರಕಟಿಸಿದ್ರು. ಲೋಹದ ಪೈಪಲ್ಲಿ ಸೆಕೆಂಡಿಗೆ ಬರೀ 1 ಮೀಟರ್ ವೇಗದಲ್ಲಿ ಹೋಗೋ ನೀರು ಫಕ್ಕಂತ ನಿಂತ್ರೂ 10 ಬಾರ್‌ಗಿಂತ ಜಾಸ್ತಿ ಒತ್ತಡ ಒಂದು ಕ್ಷಣ ಹುಟ್ಟುತ್ತೆ, ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗೋದರಿಂದ ಅದಕ್ಕಿಂತ ಕಡಿಮೆ. ದಿನಕ್ಕೆ ಎಷ್ಟು ಸಲ ನಲ್ಲಿ ಮುಚ್ತೀವಿ ಅಂತ ಎಣಿಸ್ಕೊಳ್ಳಿ, ಅಷ್ಟು ಸಲ ಪ್ರತಿ ಜಾಯಿಂಟಿಗೂ ಪೆಟ್ಟು. ಅದಕ್ಕೇ ಗೋಡೇಲಿ ಪೈಪು ಅಲ್ಲಾಡದ ಹಾಗೆ ಕ್ಲಾಂಪ್ ಹಾಕ್ಬೇಕು, ತೀರಾ ಸಣ್ಣ ಪೈಪಲ್ಲಿ ಎಲ್ಲ ನೀರೂ ಓಡಿಸ್ಬಾರ್ದು.

ಬಿಸಿನೀರಿನ ಬಗ್ಗೆ ಇನ್ನೊಂದು ಲೆಕ್ಕ ಹೇಳ್ತೀನಿ, ಇದು ನನಗೆ ಬಹಳ ಇಷ್ಟದ್ದು. ಗೀಸರಿಂದ ಶವರಿಗೆ 10 ಮೀಟರ್ ಪೈಪ್ ಇದೆ ಅಂತಿಟ್ಕೊಳ್ಳಿ. ಮುಕ್ಕಾಲು ಇಂಚಿನ ಸಿಪಿವಿಸಿ, ಅಂದ್ರೆ ಬಿಸಿನೀರು ತಡ್ಕೊಳೋ ಪ್ಲಾಸ್ಟಿಕ್ ಪೈಪಾದ್ರೆ ಅದರ ಹೊಟ್ಟೇಲಿ ಸುಮಾರು ಎರಡೂವರೆ ಲೀಟರ್ ನೀರು ಕೂತಿರುತ್ತೆ. ಬೆಳಿಗ್ಗೆ ನಲ್ಲಿ ತಿರುಗಿಸಿದ್ರೆ ಆ ತಣ್ಣಗಿನ ಎರಡೂವರೆ ಲೀಟರ್ ಮೊದಲು ಹೊರಗೆ ಬರ್ಬೇಕು, ಆಮೇಲೆ ಬಿಸಿ. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಲ್ಲೇ ಉಳಿದು ಆರಿಹೋಗುತ್ತೆ. ಪ್ರತಿ ಸ್ನಾನಕ್ಕೂ ಹೀಗೆ, ಜೀವಮಾನ ಪೂರ್ತಿ. ಅದೇ ಅರ್ಧ ಇಂಚಿನ ಪೈಪಾದ್ರೆ ಒಂದೂ ಕಾಲು ಲೀಟರಿಗಿಂತ ಕಮ್ಮಿ, ಗೀಸರನ್ನ 3 ಮೀಟರ್ ಹತ್ರಕ್ಕೆ ತಂದ್ರೆ ಒಂದು ದೊಡ್ಡ ಲೋಟದಷ್ಟು. ಹಾಗಾಗಿ ಗೀಸರ್ ಎಲ್ಲಿಡೋದು ಅನ್ನೋದು ಜಾಗ ಖಾಲಿ ಇದೆ ಅಂತ ನೋಡಿ ತೀರ್ಮಾನಿಸೋ ವಿಷಯ ಆಗ್ಬಾರ್ದು. ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ, ಗೋಡೆ ಮುಚ್ಚಿದ ಮೇಲೆ ಸುತ್ತೋಕಾಗಲ್ಲ. ಗೀಸರಿಗೆ ಒಂದು ಸೇಫ್ಟಿ ವಾಲ್ವ್ ಇರುತ್ತೆ, ಒತ್ತಡ ಹೆಚ್ಚಾದಾಗ ನೀರು ಬಿಡೋಕೆ, ಅದರ ಬಾಯಿಂದ ಒಂದು ಪೈಪು ಕೆಳಕ್ಕೆ ತಂದು ನೆಲದ ಟ್ರ್ಯಾಪಿನ ಹತ್ರ ಬಿಡಿ. ಹನಿ ಬೀಳುತ್ತೆ ಅಂತ ಅದಕ್ಕೆ ಬಿರಡೆ ಹಾಕಿರೋದನ್ನ ಕಣ್ಣಾರೆ ನೋಡಿದೀನಿ, ಅದು ಮನೆಯೊಳಗೆ ಬಾಂಬ್ ಇಟ್ಕೊಂಡ ಹಾಗೆ, ಅಂಥದ್ದು ಕಂಡ್ರೆ ಮೊದಲು ಕರೆಂಟ್ ಆಫ್ ಮಾಡಿ ಆಮೇಲೆ ಪ್ಲಂಬರಿಗೆ ಫೋನ್ ಮಾಡಿ. ತುಂಬಿಟ್ಟ ನೀರು 60 ಡಿಗ್ರಿ ಇರ್ಬೇಕು ಅಂತಾರೆ, ಯಾಕಂದ್ರೆ 20ರಿಂದ 45 ಡಿಗ್ರಿ ಬೆಚ್ಚಗಿನ ನಿಂತ ನೀರಲ್ಲಿ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತೆ. ಆದ್ರೆ 60 ಡಿಗ್ರಿ ನೀರು ಕೆಲವೇ ಸೆಕೆಂಡಲ್ಲಿ ಚರ್ಮ ಸುಡುತ್ತೆ. ಮಕ್ಕಳು, ವಯಸ್ಸಾದೋರು ಇರೋ ಮನೇಲಿ ಶವರಿಗೆ ಥರ್ಮೋಸ್ಟಾಟಿಕ್ ಮಿಕ್ಸರ್, ಅಂದ್ರೆ ಬಿಸಿ ತಣ್ಣೀರು ಬೆರೆಸಿ ಶಾಖ ಒಂದೇ ಮಟ್ಟದಲ್ಲಿಡೋ ನಲ್ಲಿ, ಹಾಕ್ಸೋದನ್ನ ಐಷಾರಾಮ ಅಂತ ಅನ್ಕೊಬೇಡಿ. ಉಪಯೋಗಿಸದ ಹಳೇ ಪೈಪಿನ ತುಂಡು ಗೋಡೇಲಿ ತುದಿ ಮುಚ್ಚಿ ಉಳಿಸೋದೂ ಬೇಡ, ಅಲ್ಲಿ ನೀರು ಸುಮ್ನೆ ಕೊಳೀತಾ ಕೂತಿರುತ್ತೆ.

ಪೈಪಿನ ಜಾತಿ ಬಗ್ಗೆ ಜನ ಬಹಳ ಹೊತ್ತು ವಾದ ಮಾಡ್ತಾರೆ, ನಾನು ಬೇಗ ಮುಗಿಸ್ತೀನಿ. ಯುಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪು ತಣ್ಣೀರಿಗೆ ಮಾತ್ರ, ಬಿಸಿನೀರಿಗೆ ಹಾಕ್ಬೇಡಿ, 60 ಡಿಗ್ರಿ ಹತ್ರ ಬಂದ್ರೆ ಮೆತ್ತಗಾಗುತ್ತೆ. ಸಿಪಿವಿಸಿ 93 ಡಿಗ್ರಿವರೆಗೂ ತಡ್ಕೊಳುತ್ತೆ. ಪಿಪಿಆರ್ ಅನ್ನೋ ಇನ್ನೊಂದು ಪ್ಲಾಸ್ಟಿಕ್ ಪೈಪನ್ನ 260 ಡಿಗ್ರಿ ಆಸುಪಾಸಿನ ಶಾಖದಲ್ಲಿ ಕರಗಿಸಿ ಬೆಸೀತಾರೆ, ಚೆನ್ನಾಗಿ ಬೆಸೆದ್ರೆ ಬಹಳ ಒಳ್ಳೇದು, ಕೈ ಪಳಗಿರೋರೇ ಬೇಕು. ತಾಮ್ರಾನೂ ಒಳ್ಳೇದೇ, ಆದ್ರೆ ತಾಮ್ರಕ್ಕೆ ನೇರವಾಗಿ ಜಿಐ, ಅಂದ್ರೆ ಸತುವು ಬಳಿದ ಕಬ್ಬಿಣದ ಪೈಪ್ ಸೇರಿಸಿದ್ರೆ ಜಿಐಗೆ ಬೇಗ ತುಕ್ಕು ಹಿಡಿಯುತ್ತೆ, ಮಧ್ಯ ಹಿತ್ತಾಳೆ ಜೋಡಣೆ ಇರ್ಬೇಕು. ಸಿಪಿವಿಸಿಗೆ ಅದರದ್ದೇ ಅಂಟು, ಯುಪಿವಿಸಿ ಡಬ್ಬಿ ಮಿಕ್ಕಿದೆ ಅಂತ ಅದನ್ನೇ ಬಳಿಯೋಕೆ ಬಿಡ್ಬೇಡಿ. ಹಳೇ ಜಿಐ ಪೈಪು ಗೋಡೇಲಿ ಅರ್ಧ ಉಳಿಸಿ ಅರ್ಧ ಹೊಸದು ಹಾಕೋದಕ್ಕೆ ನನ್ನ ಒಪ್ಪಿಗೆ ಇಲ್ಲ, ಹೊಸದು ಹಳೇದು ಸೇರೋ ಜಾಗದಲ್ಲೇ ಮೊದಲು ಜಿನುಗೋದು, ಒಡೆದಿರೋ ಬಾತ್‌ರೂಮಿನ ಒಳಗಿರೋದನ್ನೆಲ್ಲ ಬದಲಾಯಿಸಿಬಿಡಿ.

ಈಗ ಅಳತೆ. ಸಾಮಾನು ಕೊಳ್ಳದೇ ಗೋಡೆ ಕೊರೆಸ್ಬೇಡಿ. ಕಮೋಡ್, ನೀರನ್ನ ಶವರಿಗೋ ನಲ್ಲಿಗೋ ತಿರುಗಿಸೋ ಡೈವರ್ಟರ್, ಬೇಸಿನ್, ನೆಲದ ಜಾಲರಿ, ಇವು ಮನೆಗೆ ಬಂದು ಡಬ್ಬಿ ಬಿಚ್ಚಿ ಎದುರಿಗೆ ಇದ್ಮೇಲೇನೇ ಪ್ಲಂಬರ್ ಕೈಗೆ ಉಳಿ ಕೊಡಿ. ನೆಲಕ್ಕೆ ಇಳಿಯೋ ಕಮೋಡಾದ್ರೆ ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ದೂರ ಅನ್ನೋದು ಮಾಡೆಲಿಂದ ಮಾಡೆಲಿಗೆ ಬೇರೆ. ಅದು 300 ಮಿಲಿಮೀಟರ್ ಅಂತ ಇದ್ರೆ ಟೈಲ್ ಹಾಕಿದ ಗೋಡೆಯಿಂದ 300. ಬರೀ ಇಟ್ಟಿಗೆ ಗೋಡೆಯಿಂದ 300 ಅಳೆದ್ರೆ ಆಮೇಲೆ ಪ್ಲಾಸ್ಟರ್, ಅಂಟು, ಟೈಲ್ ಸೇರಿ 25 ಮಿಲಿಮೀಟರ್ ತಿಂದ್ಕೊಂಡು 275 ಉಳಿಯುತ್ತೆ, ಕಮೋಡಿನ ಹಿಂಭಾಗ ಗೋಡೆಗೆ ತಾಗಿಬಿಡುತ್ತೆ, ಪೈಪಿನ ಮೇಲೆ ಕೂರೋದೇ ಇಲ್ಲ. ಹಾಗಾಗಿ ಮೊದಲ ದಿನಾನೇ ಗೋಡೆಗೆ ಒಂದು ಟೈಲ್ ತುಂಡು ಅಂಟಿಸಿ, ಮುಗಿದ ಗೋಡೆ ಎಲ್ಲಿ ಬರುತ್ತೆ ಅಂತ ಎಲ್ರಿಗೂ ಕಣ್ಣಿಗೆ ಕಾಣ್ಲಿ, ಪ್ರತಿ ಅಳತೇನೂ ಅದರಿಂದ್ಲೇ ಹಿಡೀಲಿ. ನೆಲಕ್ಕೂ ಹಾಗೇ ಒಂದು ಗುರುತು.

ಗೋಡೆ ಒಳಗೆ ಹುದುಗಿಸೋ ಡೈವರ್ಟರ್ ಇದೆಯಲ್ಲ, ಅದರ ಮುಂದೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತೆ, ಹತ್ರ ಹಿಡಿದು ನೋಡಿದ್ರೆ ಪಕ್ಕದಲ್ಲಿ ಎರಡು ಗೆರೆ, ಕನಿಷ್ಠ ಇಲ್ಲಿ, ಗರಿಷ್ಠ ಇಲ್ಲಿ ಅಂತ. ಟೈಲಿನ ಮುಖ ಆ ಎರಡು ಗೆರೆ ಮಧ್ಯ ಬಂದು ನಿಲ್ಲಬೇಕು. ಡೈವರ್ಟರ್ ಜಾಸ್ತಿ ಒಳಗೆ ಹೋದ್ರೆ ಹಿಡಿಕೆ ಕೂರಲ್ಲ, ಜಾಸ್ತಿ ಹೊರಗೆ ಬಂದ್ರೆ ಮೇಲಿನ ಸ್ಟೀಲ್ ತಟ್ಟೆ ಗೋಡೆಗೆ ಅಂಟದೆ ಸಂದು ಬಿಡುತ್ತೆ, ಆ ಸಂದಲ್ಲಿ ಪ್ರತಿ ಸ್ನಾನದ ನೀರೂ ಗೋಡೆಯೊಳಕ್ಕೆ. ಬೆರಳಗಲದ ವಿಷಯ, ಆದ್ರೆ ತಪ್ಪಿದ್ರೆ ಟೈಲ್ ಒಡೆಯೋದು ಬಿಟ್ಟು ಬೇರೆ ದಾರಿ ಇಲ್ಲ. ಟೈಲ್ ಕೆಲಸ ಮುಗಿಯೋವರೆಗೂ ಆ ಮುಚ್ಚಳ ಬಿಚ್ಚೋಕೆ ಬಿಡ್ಬೇಡಿ, ಸಿಮೆಂಟು ಒಳಗೆ ಹೋದ್ರೆ ಕಾರ್ಟ್ರಿಜ್, ಅಂದ್ರೆ ನೀರು ತೆರೆದು ಮುಚ್ಚೋ ಒಳಭಾಗ, ಹಾಳು.

ಎತ್ತರಗಳನ್ನ ನಿಮ್ಮ ಮನೆಯವರ ಮೈ ಅಳತೆಗೆ ಇಟ್ಕೊಳ್ಳಿ. ಬೇಸಿನ್ ಅಂಚು ಸಾಮಾನ್ಯವಾಗಿ 80ರಿಂದ 85 ಸೆಂಟಿಮೀಟರ್, ಶವರ್ ತಲೆ 2 ಮೀಟರ್ ಮೇಲೆ, ಮಿಕ್ಸರ್ ಒಂದು ಮೀಟರ್ ಚಿಲ್ಲರೆ. ಬಿಸಿ ಎಡಕ್ಕೆ, ತಣ್ಣೀರು ಬಲಕ್ಕೆ, ಇದು ಎಲ್ಲ ಕಡೆ ರೂಢಿ, ತಪ್ಪಿಸ್ಬೇಡಿ. ಕಮೋಡಿನ ಮಧ್ಯದಿಂದ ಪಕ್ಕದ ಗೋಡೆಗೆ 38 ಸೆಂಟಿಮೀಟರಿಗಿಂತ ಕಮ್ಮಿ ಆಗ್ಬಾರ್ದು, ಮುಂದೆ ಮೊಣಕಾಲಿಗೆ ಅರ್ಧ ಮೀಟರಿಗಿಂತ ಜಾಸ್ತಿ ಜಾಗ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಒಂದು ಸ್ಟೂಲ್ ಇಟ್ಟು ಕೂತು ನೋಡಿ, ಎದ್ದು ನೋಡಿ, ಬಾಗಿಲು ತೆಗೆದು ನೋಡಿ. ನಮ್ಮ ಅತ್ತೆ ಹಾಗೆ ಕೂತು, ಎದ್ದೇಳೋಕೆ ಕೈ ಎಲ್ಲಿ ಊರ್ಬೇಕು ಅಂತ ಹುಡುಕಿದ್ರು, ಆಗ್ಲೇ ನಮಗೆ ಹಿಡಿ ಕಂಬಿ ಎಲ್ಲಿ ಬರ್ಬೇಕು ಅಂತ ಗೊತ್ತಾಗಿದ್ದು. ಆ ಜಾಗದಲ್ಲಿ ಗೋಡೆಗೆ ಅವರ ಅಂಗೈ ಅಚ್ಚಿನ ಸುತ್ತ ಗೆರೆ ಎಳ್ಕೊಂಡ್ವಿ.

ಗೋಡೆ ಕೊರೆಯೋದಕ್ಕೂ ಮಿತಿ ಇದೆ. ಭಾರ ಹೊರೋ ಗೋಡೇಲಿ ಮೇಲಿಂದ ಕೆಳಕ್ಕೆ ಕೊರೆದ್ರೆ ಗೋಡೆ ದಪ್ಪದ ಮೂರನೇ ಒಂದು ಭಾಗದವರೆಗೆ, ಅಡ್ಡಡ್ಡ ಕೊರೆದ್ರೆ ಆರನೇ ಒಂದು ಭಾಗದವರೆಗೆ ಮಾತ್ರ. ಕಂಬ, ಬೀಮು ಮುಟ್ಟೋದೇ ಬೇಡ, ಕಬ್ಬಿಣ ಕಂಡ್ರೆ ಅಲ್ಲಿಗೇ ನಿಲ್ಲಿಸಿ ಇಂಜಿನಿಯರನ್ನ ಕರೀರಿ.

ಪೈಪೆಲ್ಲ ಹಾಕಿ ಆದ್ಮೇಲೆ ಒಂದು ದಿನ ಇರುತ್ತೆ, ಎಲ್ಲಾ ಪೈಪೂ ಕಣ್ಣಿಗೆ ಕಾಣ್ತಿರೋ ಕೊನೇ ದಿನ. ಗಾರೆಯವರು ಆಗ್ಲೇ ಸಿಮೆಂಟ್ ಕಲಸೋಕೆ ತಯಾರಾಗಿ ನಿಂತಿರ್ತಾರೆ, ನೀವು ಅವರನ್ನ ತಡೀಬೇಕು. ಮೊದ್ಲು ಪ್ರೆಶರ್ ಟೆಸ್ಟ್. ಎಲ್ಲ ಬಾಯಿಗೂ ಬಿರಡೆ ಹಾಕಿ, ಪೈಪಲ್ಲಿ ನೀರು ತುಂಬಿ ಗಾಳಿ ಪೂರ್ತಿ ಹೊರಗೆ ಬಿಟ್ಟು, ಕೈ ಪಂಪಿಂದ ಒತ್ತಡ ಏರಿಸೋದು, ದಿನಬಳಕೆ ಒತ್ತಡದ ಒಂದೂವರೆ ಪಟ್ಟು. ಅಂಟು ಹಾಕಿದ್ದು ಪೂರ್ತಿ ಗಟ್ಟಿಯಾಗೋಕೆ ಒಂದು ದಿನ ಬಿಟ್ಟು ಮಾಡಿ. ಒತ್ತಡ ತೋರಿಸೋ ಗೇಜಿನ ಮುಳ್ಳು ಎರಡು ಗಂಟೆ ಆದ್ರೂ ಇದ್ದಲ್ಲೇ ಇರ್ಬೇಕು. ಪ್ಲಾಸ್ಟಿಕ್ ಪೈಪಿಗೆ ಕಂಪ್ರೆಸರ್ ಗಾಳಿ ಹಾಕಿ ಟೆಸ್ಟ್ ಮಾಡೋದಕ್ಕೆ ಮಾತ್ರ ಒಪ್ಕೊಬೇಡಿ, ಒಡೆದ್ರೆ ಚೂರುಗಳು ಸಿಡಿಯುತ್ತೆ. ಸಾಧ್ಯ ಆದ್ರೆ ಪ್ಲಾಸ್ಟರ್ ಮಾಡುವಾಗ್ಲೂ ಟೈಲ್ ಹಾಕುವಾಗ್ಲೂ ಆ ಗೇಜನ್ನ ಹಾಗೇ ಬಿಡಿ. ಯಾರಾದ್ರೂ ಗೊತ್ತಿಲ್ಲದೇ ಪೈಪಿಗೆ ಮೊಳೆ ಹೊಡೆದ್ರೆ, ಡ್ರಿಲ್ ತಾಗಿಸಿದ್ರೆ ಮುಳ್ಳು ಆ ಕ್ಷಣಾನೇ ಇಳಿಯುತ್ತೆ, ಆವಾಗ ಗೋಡೆ ಇನ್ನೂ ಹಸಿಯಾಗಿರುತ್ತೆ, ಸರಿ ಮಾಡ್ಬಹುದು. ಒಂದು ಸಲ ಒಂದು ಮನೇಲಿ ಮಧ್ಯಾಹ್ನ ಊಟಕ್ಕೆ ಹೋಗಿ ಬರೋಷ್ಟರಲ್ಲಿ 8 ಬಾರ್ ಇದ್ದದ್ದು 3ಕ್ಕೆ ಬಂದಿತ್ತು, ಹುಡುಕಿದ್ರೆ ಕಿಟಕಿ ಚೌಕಟ್ಟು ಕೂರಿಸ್ತಿದ್ದವರ ಸ್ಕ್ರೂ ಬಿಸಿನೀರಿನ ಪೈಪಿನ ಪಕ್ಕೆಗೆ ತೂರಿತ್ತು. ಗೇಜ್ ಇಲ್ಲದಿದ್ರೆ ಆ ಸ್ಕ್ರೂನೇ ತೂತನ್ನ ಅರ್ಧಂಬರ್ಧ ಮುಚ್ಚಿ ವರ್ಷಗಟ್ಟಲೆ ಜಿನುಗ್ತಿತ್ತು, ತೇವ ಎಲ್ಲಿಂದ ಬರ್ತಿದೆ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ಅದೇ ದಿನ ಫೋಟೋ. ಸುಮ್ನೆ ಒಂದು ಫೋಟೋ ತೆಗೆದ್ರೆ ಸಾಲಲ್ಲ, ಟೇಪನ್ನ ಮೂಲೆಯಿಂದ ಪೈಪಿನವರೆಗೆ ಎಳೆದು ಹಿಡಿದು ಅಂಕಿ ಕಾಣೋ ಹಾಗೆ ತೆಗೀರಿ, ನೆಲದಿಂದ ಎತ್ತರಾನೂ ಹಾಗೇ. ನಾಲ್ಕು ಗೋಡೆ, ನೆಲ. ಒಂದು ಪ್ರತಿ ಪ್ರಿಂಟ್ ಹಾಕ್ಸಿ ಮನೆ ಪತ್ರಗಳ ಜೊತೆ ಇಡಿ, ಫೋನ್ ಬದಲಾಗ್ತಾನೇ ಇರುತ್ತೆ.

ವಾಟರ್‌ಪ್ರೂಫಿಂಗ್ ಬೇರೆಯವರ ಕೆಲಸ ಅಂತ ಪ್ಲಂಬರ್ ಹೇಳ್ತಾರೆ, ಪೈಪಿನ ಸುತ್ತ ಬಿಟ್ಟಿರೋ ಸಂದು ಪ್ಲಂಬರ್ ಕೆಲಸ ಅಂತ ವಾಟರ್‌ಪ್ರೂಫಿಂಗಿನವರು ಹೇಳ್ತಾರೆ, ನೀರು ಹೋಗೋದು ಆ ಇಬ್ಬರ ಮಧ್ಯದಲ್ಲಿ. ನೆಲದ ಟ್ರ್ಯಾಪ್ ಕಾಂಕ್ರೀಟಿಗೆ ಸೇರೋ ಕುತ್ತಿಗೆ, ಕಮೋಡ್ ಪೈಪ್ ನೆಲ ತೂರೋ ಜಾಗ, ಇವೆರಡನ್ನೂ ನಿಮ್ಮ ಎದುರಿಗೇ ಮುಚ್ಚಿಸಿ. ಪದರ ಗೋಡೆ ಮೇಲೂ ಒಂದು ಗೇಣು ಹತ್ಬೇಕು, ಶವರ್ ಕಡೆ 1.8 ಮೀಟರ್ ಎತ್ತರದವರೆಗೆ. ಒಣಗಿದ ಮೇಲೆ ಟ್ರ್ಯಾಪಿಗೆ ಬಿರಡೆ ಹಾಕಿ ಬಾಗಿಲಿಗೆ ಅಡ್ಡ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ, ನೀರಿನ ಅಂಚಿಗೆ ಗೋಡೇಲಿ ಪೆನ್ಸಿಲ್ ಗೆರೆ ಹಾಕಿ, 24 ಗಂಟೆ ಬಿಡಿ. ಗೆರೆಯಿಂದ ನೀರು ಎಷ್ಟು ಇಳೀತು ನೋಡಿ, ಕೆಳಗಿನ ಮನೆಗೂ ಹೋಗಿ ಸೀಲಿಂಗ್ ಮುಟ್ಟಿ ನೋಡಿ. ಟೈಲ್ ಬಂದಿಳಿದಿದೆ ಅಂತ ಈ ಒಂದು ದಿನ ಉಳಿಸೋಕೆ ಹೋಗ್ಬೇಡಿ.

ಮುಗಿದ ಮೇಲೆ ಬಂದ ಪ್ರಶ್ನೆಗಳು. ಒಬ್ರು, ವಾಲ್ವ್ ಎಷ್ಟು ಬೇಕು ಅಂತ ಕೇಳಿದ್ರು. ಇಡೀ ಬಾತ್‌ರೂಮಿಗೆ ಬಿಸಿಗೊಂದು ತಣ್ಣೀರಿಗೊಂದು, ಕೈಗೆ ಸಿಗೋ ಎತ್ತರದಲ್ಲಿ. ಆಮೇಲೆ ಬೇಸಿನ್ನಿಗೂ ಕಮೋಡಿಗೂ ಬೇರೆ ಬೇರೆ ಆಂಗಲ್ ಕಾಕ್, ಅಂದ್ರೆ ಅದೊಂದಕ್ಕೆ ಮಾತ್ರ ನೀರು ನಿಲ್ಲಿಸೋ ಸಣ್ಣ ವಾಲ್ವ್. ಗೇಟ್ ವಾಲ್ವ್ ವರ್ಷಗಟ್ಟಲೆ ಮುಟ್ಟದಿದ್ರೆ ಸಿಕ್ಕಾಕ್ಕೊಳುತ್ತೆ, ಬಾಲ್ ವಾಲ್ವ್ ಕಾಲು ಸುತ್ತಲ್ಲಿ ಮುಚ್ಚುತ್ತೆ, ನಾನಾದ್ರೆ ಅದನ್ನೇ ಹಾಕಿಸೋದು. ಹಾಕಿಸಿದ ಮೇಲೆ ಮನೇಲಿ ಎಲ್ರಿಗೂ, ಮಕ್ಕಳಿಗೂ, ಅದು ಎಲ್ಲಿದೆ ಅಂತ ತೋರಿಸಿಡಿ.

ಇನ್ನೊಬ್ರು ಗೋಡೆಯೊಳಗಿನ ಫ್ಲಶ್ ಟ್ಯಾಂಕ್ ಹಾಕಿಸಿದ್ರೆ ರಿಪೇರಿಗೆ ಗೋಡೆ ಒಡೀಬೇಕಲ್ವಾ ಅಂದ್ರು. ಒಳಗಿನ ವಾಲ್ವ್, ವಾಶರ್ ಎಲ್ಲ ಮುಂದಿರೋ ಬಟನ್ ತಟ್ಟೆ ತೆಗೆದು ಆ ಕಿಂಡಿಯಿಂದ್ಲೇ ಬಿಚ್ಚೋ ಹಾಗೆ ಮಾಡಿರ್ತಾರೆ, ಅಂಗಡೀಲೇ ಅದನ್ನ ಬಿಚ್ಚಿ ತೋರಿಸೋಕೆ ಹೇಳಿ, ಬಿಡಿ ಭಾಗ ಸುಲಭಕ್ಕೆ ಸಿಗೋ ಮಾಡೆಲೇ ತಗೊಳ್ಳಿ. ಆ ಕಿಂಡಿಗೆ ಅಡ್ಡ ಕಪಾಟು ಮಾತ್ರ ಮಾಡಿಸ್ಬೇಡಿ.

ಕೊನೆಗೆ ಹಿಂದೆ ಕೂತಿದ್ದ ಒಬ್ರು ಅಮ್ಮ, ನೀವು ಹಿಡಿ ಕಂಬಿ ಅಂದ್ರಲ್ಲ, ನಮಗೆ ಈಗ ಬೇಕಾಗಿಲ್ಲ, ಹತ್ತು ವರ್ಷ ಬಿಟ್ಟು ಬೇಕಾಗ್ಬಹುದು, ಈಗ್ಲೇ ಏನಾದ್ರೂ ಮಾಡಿಡ್ಬಹುದಾ ಅಂತ ಕೇಳಿದ್ರು. ಮಾಡಿಡ್ಬಹುದು. ಕಮೋಡಿನ ಎರಡು ಪಕ್ಕ, ಶವರಿನ ಗೋಡೆ, ಅಲ್ಲಿ ಸೊಂಟದ ಎತ್ತರದಲ್ಲಿ ಒಂದು ಅಡಿ ಅಗಲದ ಪಟ್ಟಿ ಖಾಲಿ ಬಿಡೋಕೆ ಪ್ಲಂಬರಿಗೂ ಎಲೆಕ್ಟ್ರಿಷಿಯನ್ನಿಗೂ ಹೇಳಿ, ಆ ಪಟ್ಟೀಲಿ ಪೈಪೂ ಬೇಡ ವೈರೂ ಬೇಡ. ಟೊಳ್ಳು ಗೋಡೆಯಾದ್ರೆ ಒಳಗೆ ಗಟ್ಟಿ ಮರದ ಹಲಗೆ ಕೂರಿಸಿಡಿ. ನಲ್ಲಿಗಳಿಗೆ ಬರೋ ಪೈಪು ನಲ್ಲಿಯ ನೇರ ಮೇಲಿಂದ ಇಲ್ಲ ನೇರ ಕೆಳಗಿಂದ ಬರ್ಲಿ, ಓರೆಯಾಗಿ ಎಲ್ಲೂ ಹೋಗ್ಬಾರ್ದು. ಆವಾಗ ಹತ್ತು ವರ್ಷ ಬಿಟ್ಟು ಡ್ರಿಲ್ ಹಿಡ್ಕೊಂಡು ಬರೋ ಹುಡುಗ, ಅವನು ಇವತ್ತಿನ ಪ್ಲಂಬರನ್ನ ನೋಡಿರಲ್ಲ, ಆದ್ರೂ ನಲ್ಲಿ ನೋಡಿದ್ರೆ ಪೈಪ್ ಎಲ್ಲಿದೆ ಅಂತ ಅವನಿಗೆ ಗೊತ್ತಾಗುತ್ತೆ.